ಲಗ್ನಪತ್ರಿಕೆಯೂ ಕರೆಯೋಲೆಯೂ

ಮದುವೆಗೆ ಬಂಧುಮಿತ್ರರನ್ನು ಕರೆಯುವುದಕ್ಕಾಗಿ ಅಚ್ಚು ಹಾಕಿಸಿ ಹಂಚುವ ಕಾಗದಕ್ಕೆ ಕನ್ನಡ ನಾಡಿನಲ್ಲಿ ಲಗ್ನಪತ್ರಿಕೆ, ಕರೆಯೋಲೆ, ಮಂಗಳಪತ್ರ, ಆಹ್ವಾನಪತ್ರಿಕೆ ಎಂಬ ಹೆಸರುಗಳು ಬಳಕೆಯಲ್ಲಿವೆ. ಜನರು ಇವುಗಳನ್ನು ಒಂದಕ್ಕೆ ಬದಲಾಗಿ ಮತ್ತೊಂದನ್ನು ಉಪಯೋಗಿಸುವುದರಿಂದ ಇವು ಒಂದೇ ವಸ್ತುವಿನ ನಾಮಾಂತರಗಳೆಂದು ತೋರುವುದು ಸಹಜ. ಆದರೆ ಈ ಪದಗಳ ಅರ್ಥವನ್ನೂ, ಮದುವೆಯ ಆಚಾರಗಳನ್ನೂ, ಪತ್ರಿಕೆಯ ವಾಕ್ಯರಚನೆಯನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದರೆ, ಮೂಲದಲ್ಲಿ ಇಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳಿದ್ದುವೆಂಬುದು ಸ್ಪಷ್ಟವಾಗುತ್ತದೆ. ಒಂದು, ಎರಡು ಮನೆತನಗಳು ಮಾಡಿಕೊಂಡ ನಿರ್ಣಯದ ದಾಖಲೆ. ಮತ್ತೊಂದು, ಬಳಗವನ್ನು ಕರೆಯುವ ಕ್ರಮ. ಮೊದಲನೆಯದು ಬರೆಹಕ್ಕೆ ಸೇರಿದ್ದು; ಎರಡನೆಯದು ಬಾಯಿಮಾತಿಗೂ ಕೈಯಿಂದ ಕೊಡುವ ಅಕ್ಷತೆ ವೀಳ್ಯಗಳಿಗೂ ಸೇರಿದ್ದು. ಅಚ್ಚಿನ ಯಂತ್ರವು ಇವೆರಡನ್ನೂ ಒಂದೇ ಹಾಳೆಯ ಮೇಲೆ ತಂದಿತು. ಹೀಗೆ ಕೂಡಿಕೊಂಡಾಗ ಯಾವುದು ಉಳಿಯಿತು, ಯಾವುದು ಮಾರ್ಪಟ್ಟಿತು, ಯಂತ್ರದ ಪಕ್ಕದಲ್ಲಿ ಕೈಕೆಲಸಕ್ಕೆ ಎಂತಹ ಸ್ಥಾನ ದೊರೆಯಿತು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮುಹೂರ್ತ ಕಳೆದೊಡನೆ ಕಸದ ಪಾಲಾಗುವ ಕಾಗದವನ್ನು ಇತಿಹಾಸದ ಸಾಮಗ್ರಿಯೆಂದು ಎಣಿಸುವವರು ವಿರಳ. ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ ಅಕ್ಷರಶಃ ಪ್ರತಿಮಾಡಿಕೊಂಡ ವಿದ್ವಾಂಸರು ತಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಕಾದಿಟ್ಟದ್ದು ಅಪೂರ್ವ. ಆದರೂ ಶಾಸನಗಳ ವಾಕ್ಸರಣಿಯು ಜನಸಾಮಾನ್ಯರ ಮನೆಯಲ್ಲಿ ಇಂದಿಗೂ ಜೀವಂತವಾಗಿ ನಿಂತಿರುವ ಸ್ಥಳ ಯಾವುದೆಂದು ಕೇಳಿದರೆ, ಈ ಅಲ್ಪಾಯುಷಿಯಾದ ಕಾಗದವನ್ನೇ ತೋರಿಸಬೇಕಾಗುತ್ತದೆ.

೧. ಎರಡು ವ್ಯವಹಾರಗಳು

ಜ್ಯೋತಿಷದಲ್ಲಿ ಲಗ್ನವೆಂದರೆ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿ. ದಿನವೊಂದಕ್ಕೆ ಅರುವತ್ತು ಘಳಿಗೆ, ರಾಶಿಗಳು ಹನ್ನೆರಡು, ಆದುದರಿಂದ ಒಂದೊಂದು ಲಗ್ನಕ್ಕೂ ಸರಾಸರಿ ಐದು ಘಳಿಗೆ, ಎಂದರೆ ಎರಡು ಗಂಟೆಯ ಕಾಲ. ಮದುವೆಯನ್ನು ಇಂತಹ ಒಂದು ಕಾಲಖಂಡಕ್ಕೆ ಗೊತ್ತುಮಾಡುವ ವಾಡಿಕೆಯಿಂದಾಗಿ ಲಗ್ನವೆಂಬ ಪದವೇ ಮದುವೆಗೆ ಹೆಸರಾಯಿತು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಅರ್ಥವೇ ಮುಖ್ಯವಾದುದು. ಹೀಗೆ ಲಗ್ನಪತ್ರಿಕೆಯೆಂದರೆ ಲಗ್ನವನ್ನು ನಿರ್ಣಯಿಸಿ ಬರೆದ ಪತ್ರ. ಕರೆಯುವ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ.

ನಿಶ್ಚಯ ತಾಂಬೂಲದ ದಿನ ಎರಡು ಕಡೆಯ ಹಿರಿಯರ ಸಮಕ್ಷಮದಲ್ಲಿ ಪುರೋಹಿತನು ಈ ಪತ್ರವನ್ನು ಬರೆದು ಗಟ್ಟಿಯಾಗಿ ಓದುವ ಸಂಪ್ರದಾಯ ಅನೇಕ ಮನೆತನಗಳಲ್ಲಿ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಬರುವ ವಿಷಯಗಳು ಇಷ್ಟೇ: ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಲಗ್ನ, ವಧೂವರರ ಹೆಸರು, ಗೋತ್ರ, ತಂದೆ ತಾತಂದಿರ ಹೆಸರು. ಓದಿದ ತರುವಾಯ ಪತ್ರದ ನಾಲ್ಕು ಮೂಲೆಗಳಿಗೂ ಅರಿಶಿನ ಕುಂಕುಮಗಳನ್ನು ಹಚ್ಚಿ, ಪೂಜಿಸಿ, ಫಲತಾಂಬೂಲದೊಡನೆ ಪರಸ್ಪರ ಬದಲಾಯಿಸಿಕೊಳ್ಳುವರು. ಇದು ಕರೆಯುವ ಪತ್ರವಲ್ಲ, ಒಪ್ಪಂದದ ಪತ್ರ. ಪ್ರತಿ ಪಕ್ಷಕ್ಕೆ ಒಂದು ಪ್ರತಿ ಇದ್ದರೆ ಸಾಕು. ನೂರಾರು ಪ್ರತಿಗಳ ಅವಶ್ಯಕತೆಯೇ ಇಲ್ಲ.

ಮದುವೆಯ ವಿಷಯದಲ್ಲಿ ಬರೆಹಕ್ಕೆ ಒಪ್ಪಂದದ ಬಲವಿತ್ತೆಂಬುದಕ್ಕೆ ಒಂದು ಪ್ರಸಿದ್ಧ ಶಾಸನ ಸಾಕ್ಷಿಯಾಗಿದೆ. ತಮಿಳುನಾಡಿನಲ್ಲಿ ವೇಲೂರಿಗೆ ಸಮೀಪದ ವಿರಿಂಚಿಪುರದ ದೇವಾಲಯದಲ್ಲಿ ಶಕ ೧೩೪೭ರ (ಕ್ರಿ.ಶ. ೧೪೨೫–೨೬), ಎಂದರೆ ವಿಜಯನಗರದ ಇಮ್ಮಡಿ ದೇವರಾಯನ ಕಾಲದ, ಶಾಸನವೊಂದಿದೆ. ಪಡೈವೀಡು ರಾಜ್ಯದ ಬ್ರಾಹ್ಮಣರು, ಅವರಲ್ಲಿ ಕನ್ನಡಿಗರೂ ತಮಿಳರೂ ತೆಲುಗರೂ ಸೇರಿ, ಇನ್ನು ಮುಂದೆ ಮದುವೆಗಳನ್ನು ಕನ್ಯಾದಾನವಾಗಿಯೇ ನಡೆಸತಕ್ಕದ್ದೆಂದೂ, ಹೊನ್ನನ್ನು ಕೊಟ್ಟವರೂ ತೆಗೆದುಕೊಂಡವರೂ ರಾಜದಂಡಕ್ಕೂ ಸಮುದಾಯದಿಂದ ಬಹಿಷ್ಕಾರಕ್ಕೂ ಗುರಿಯಾಗತಕ್ಕದ್ದೆಂದೂ ಒಪ್ಪಿಕೊಂಡುದನ್ನು ಅದು ತಿಳಿಸುತ್ತದೆ. ಮದುವೆಯ ಕಟ್ಟಳೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ಸಮಾಜಕ್ಕೆ, ಒಂದೊಂದು ಮದುವೆಯ ನಿರ್ಣಯವನ್ನೂ ಬರೆಹದಲ್ಲಿ ನಿಲ್ಲಿಸುವುದು ಅಪರಿಚಿತವಾದ ಆಲೋಚನೆಯಾಗಿರಲಾರದು.

ಕರೆಯುವ ಕ್ರಮವಾದರೋ ಬೇರೆ. ಅಲ್ಲಿ ಮುಖ್ಯವಾದುದು ಬರೆಹವಲ್ಲ, ಹೋಗುವುದು. ಮನೆಯ ಯಜಮಾನನೋ ಅವನ ಪರವಾಗಿ ದಂಪತಿಗಳೋ ನೆಂಟರ ಮನೆಬಾಗಿಲಿಗೆ ಹೋಗಿ, ಕುಳಿತು, ಹೆಸರು ಹಿಡಿದು ಕರೆಯಬೇಕು. ಹೆಂಗಸರನ್ನು ಹೆಂಗಸರೇ ಅರಿಶಿನ ಕುಂಕುಮ ಕೊಟ್ಟು ಕರೆಯಬೇಕು. ಕೆಲವು ಕಡೆ ವೀಳ್ಯ ಕೊಡುವುದು, ಕೆಲವು ಕಡೆ ಅಕ್ಷತೆ ಕೊಡುವುದು ಕರೆಯ ಗುರುತು. ಅಕ್ಷತೆಯೆಂದರೆ ಮುರಿಯದ ಅಕ್ಕಿ. ಮುಹೂರ್ತದ ಕಾಲದಲ್ಲಿ ವಧೂವರರ ತಲೆಯ ಮೇಲೆ ಬೀಳತಕ್ಕ ವಸ್ತುವೂ ಅದೇ. ಕರೆಯುವಾಗ ಅದನ್ನು ಕೈಗೆ ಕೊಟ್ಟರೆ, ಆಶೀರ್ವಾದದ ಪಾಲನ್ನೇ ಮುಂದಾಗಿ ಒಪ್ಪಿಸಿದಂತೆ. ಓದುಬರೆಹ ಬಾರದವನಿಗೂ ಈ ಕರೆಯ ಅರ್ಥ ಪೂರ್ಣವಾಗಿ ತಿಳಿಯುತ್ತಿತ್ತು.

೨. ಓಲೆ, ಕಡತ, ಕಾಗದ

ದೂರದ ಊರಿನವರಿಗೆ ಮಾತ್ರ ಬರೆದು ಕಳುಹಬೇಕಾಗುತ್ತಿತ್ತು. ಇಂತಹ ಪತ್ರಕ್ಕೆ ಕನ್ನಡದಲ್ಲಿ ಉಳಿದಿರುವ ಹೆಸರು ಕರೆಯೋಲೆ. ಓಲೆಯೆಂಬ ಪದದಲ್ಲಿ ತಾಳೆಯ ಗರಿಯ ಕಾಲವೇ ನಿಂತಿದೆ. ಗರಿಯನ್ನು ಒಣಗಿಸಿ ಹದಮಾಡಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿಯನ್ನು ಸವರಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಗರಿಯ ನಾರು ಅಡ್ಡಲಾಗಿ ಸೀಳದಂತೆ ಗುಂಡಾಗಿ ಬರೆಯುವ ಅಭ್ಯಾಸವು ಕನ್ನಡ ಲಿಪಿಯ ದುಂಡುತನಕ್ಕೆ ಒಂದು ಕಾರಣವೆಂದು ಸಾಮಾನ್ಯವಾಗಿ ಹೇಳುವರು.

ಇದೇ ಓಲೆಯ ಮತ್ತೊಂದು ಅರ್ಥವೂ ಇಲ್ಲಿ ಗಮನಾರ್ಹವಾಗಿದೆ. ಸುರುಳಿ ಸುತ್ತಿದ ಗರಿಯನ್ನು ಹೆಂಗಸರು ಕಿವಿಗೆ ಧರಿಸುತ್ತಿದ್ದುದರಿಂದ ಕಿವಿಯ ಆಭರಣಕ್ಕೂ ಓಲೆಯೆಂದೇ ಹೆಸರಾಯಿತು. ಮುತ್ತೈದೆತನಕ್ಕೆ ಓಲೆಭಾಗ್ಯವೆಂದು ಹೇಳುವುದು ಅದರಿಂದ ಬಂದುದು. ಮದುವೆಗೆ ಕರೆಯುವ ಪತ್ರಕ್ಕೂ ಮದುವೆಯಾದವಳ ಆಭರಣಕ್ಕೂ ಭಾಷೆಯು ಒಂದೇ ಗರಿಯಿಂದ ಹೆಸರನ್ನು ತೆಗೆದುಕೊಂಡಿದೆ.

ಓಲೆಯ ಜೊತೆಗೆ ಕಡತವೂ ಬಳಕೆಯಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಬರೆಯುವ ಪುಸ್ತಕವಿದು. ವ್ಯಾಪಾರಿಗಳ ಲೆಕ್ಕಗಳೂ ಮಠಗಳ ದಾಖಲೆಗಳೂ ಇದರಲ್ಲಿ ನಿಂತಿವೆ; ಶೃಂಗೇರಿಯ ಮಠದ ಕಡತಗಳು ಪ್ರಸಿದ್ಧವಾದವು. ಆದರೆ ಕಡತವು ಮನೆಯಲ್ಲಿ ಇರತಕ್ಕದ್ದು, ಊರೂರಿಗೆ ಹೋಗತಕ್ಕದ್ದಲ್ಲ. ಹೋಗುವ ಪತ್ರಕ್ಕೆ ಓಲೆ, ಅನಂತರ ಕಾಗದ. ದಖ್ಖನಿನಲ್ಲಿ ದೌಲತಾಬಾದಿನ ಸಮೀಪದ ಕಾಗಜೀಪುರದಂತಹ ಊರುಗಳಲ್ಲಿ ಕೈಯಿಂದ ಕಾಗದ ಮಾಡುವ ಕಸುಬು ಬಹುಕಾಲ ನಡೆಯಿತು. ಕಾಗದ ಬಂದರೂ ಹೆಸರು ಓಲೆಯೆಂದೇ ಉಳಿದುದನ್ನು ನೋಡಿದರೆ, ಜನರ ಮನಸ್ಸಿನಲ್ಲಿ ಸಾಮಗ್ರಿಗಿಂತ ಕರೆಯೇ ಮುಖ್ಯವಾಗಿತ್ತೆಂದು ಹೇಳಬಹುದು.

೩. ಶಾಸನದ ವಾಕ್ಸರಣಿ

ಇನ್ನು ಪತ್ರಿಕೆಯ ರಚನೆಯನ್ನು ನೋಡುವ. ಸಂಪ್ರದಾಯದ ಲಗ್ನಪತ್ರಿಕೆಯ ತಲೆಯಲ್ಲಿ ‘ಶ್ರೀ’ಕಾರವಿರುತ್ತದೆ, ಅದರ ಕೆಳಗೆ ಮನೆದೇವರ ಹೆಸರು ‘ಪ್ರಸನ್ನ’ ಎಂಬ ಪದದೊಡನೆ ಬರುತ್ತದೆ. ಆಮೇಲೆ ‘ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ’ ಎಂದು ಮೊದಲಾಗಿ ವರ್ಷದ ಸಂಖ್ಯೆ, ಸಂವತ್ಸರದ ಹೆಸರು, ತಿಥಿ ವಾರ ನಕ್ಷತ್ರಗಳು ‘ಸಲ್ಲುವ’ ಎಂಬ ಪದದೊಡನೆ ಮುಗಿಯುತ್ತವೆ. ಅನಂತರ ವಂಶದ ನಿರೂಪಣೆ: ಇಂತಹವರ ಪೌತ್ರಿ, ಇಂತಹವರ ಪುತ್ರಿ. ಅನಂತರ ಕಾರ್ಯದ ನಿರ್ದೇಶ. ಕಡೆಯಲ್ಲಿ ಮಂಗಳವಾಚನ.

ವಿಜಯನಗರ ಕಾಲದ ಕನ್ನಡ ಶಾಸನವೊಂದನ್ನು ಇದರ ಪಕ್ಕದಲ್ಲಿಟ್ಟರೆ ಸಾಮ್ಯವು ತಾನಾಗಿ ಎದ್ದುಕಾಣುತ್ತದೆ. ಅಲ್ಲಿಯೂ ಮೊದಲು ದೇವತಾಸ್ತುತಿ, ಅನಂತರ ‘ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾಹನ ಶಕ ವರುಷ’ ಎಂಬ ಕಾಲನಿರ್ದೇಶ, ಆಮೇಲೆ ದಾನಿಯ ವಂಶ, ದಾನದ ವಿವರ, ಕಡೆಗೆ ‘ಮಂಗಳ ಮಹಾ ಶ್ರೀ’. ವ್ಯತ್ಯಾಸವಿರುವುದು ಒಂದು ಕಡೆ ಮಾತ್ರ. ಶಾಸನದ ಕೊನೆಯಲ್ಲಿ ದಾನವನ್ನು ಅಳಿಪಿದವನಿಗೆ ಶಾಪ. ಪತ್ರಿಕೆಯ ಕೊನೆಯಲ್ಲಿ ಬಂದು ಹರಸುವವರಿಗೆ ಕೋರಿಕೆ. ಭೂದಾನಕ್ಕೆ ಹೊಂದಿಕೊಂಡಿದ್ದ ಚೌಕಟ್ಟಿನೊಳಗೆ ಕನ್ಯಾದಾನವು ಬಂದು ಕುಳಿತಿದೆ. ದಾನವೆಂಬ ಭಾವನೆ ಎರಡಕ್ಕೂ ಸಮಾನವಾಗಿದ್ದುದರಿಂದ ಈ ಸ್ಥಳಾಂತರವು ಸುಲಭವಾಯಿತೆಂದು ಊಹಿಸಲು ಅವಕಾಶವಿದೆ. ಶಾನುಭೋಗರ ಪತ್ರವ್ಯವಹಾರಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ಇದೇ ಕಾಲನಿರ್ದೇಶವು ಬಹುಕಾಲ ನಡೆದುಬಂದುದು ಇದಕ್ಕೆ ಪೋಷಕವಾಗಿದೆ. ಕ್ರಯಪತ್ರಗಳು ಸರ್ಕಾರದ ನಮೂನೆಗಳಿಗೆ ತಿರುಗಿದ ಮೇಲೆ ಲಗ್ನಪತ್ರಿಕೆಯೊಂದೇ ಆ ಹಳೆಯ ವಾಕ್ಯವನ್ನು ಬಿಡದೆ ಹಿಡಿದುಕೊಂಡಿತು.

೪. ಅಚ್ಚು ಮತ್ತು ಅಂಚೆ

ಕನ್ನಡ ಮುದ್ರಣದ ಮೊದಲ ಘಟ್ಟಗಳು ಸುಪರಿಚಿತವಾಗಿವೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ೧೮೧೭ರಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಅಲ್ಲಿ ಕಲ್ಲಚ್ಚಿನಲ್ಲಿಯೇ ಹೊರಬಂದಿತು. ಕಲ್ಲಚ್ಚಿನ ವಿಶೇಷವೇನೆಂದರೆ, ಬರೆಹಗಾರನು ಜಿಡ್ಡುಮಸಿಯಿಂದ ಬರೆದುದೇ ಕಲ್ಲಿಗಿಳಿದು ಪ್ರತಿಗಳಾಗುತ್ತದೆ. ಎಂದರೆ ಯಂತ್ರವು ಪ್ರತಿಗಳನ್ನು ಹೆಚ್ಚಿಸುವುದೇ ಹೊರತು ಕೈಬರೆಹವನ್ನು ತಳ್ಳಿಹಾಕುವುದಿಲ್ಲ. ಅಚ್ಚುಮೊಳೆಗಳು ರೂಢಿಗೆ ಬಂದ ಮೇಲೆಯೇ ಬರೆದವನ ಕೈಯ ಗುರುತು ಹಾಳೆಯಿಂದ ಮರೆಯಾದುದು.

ಪ್ರತಿಗಳಿದ್ದರೆ ಸಾಲದು, ಅವುಗಳನ್ನು ಅಗ್ಗವಾಗಿ ಮುಟ್ಟಿಸುವ ಸಾಧನವೂ ಬೇಕು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದಿಂದ ಅಂಚೆಯ ಏರ್ಪಾಡಿದ್ದಿತು. ಬ್ರಿಟಿಷ್ ಇಂಡಿಯಾದಲ್ಲಿ ೧೮೫೪ರ ಅಕ್ಟೋಬರಿನಿಂದ, ದೂರವೆಷ್ಟಿದ್ದರೂ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆಯೆಂದು ದರ ಗೊತ್ತಾಯಿತು. ೧೮೭೯ರ ಜುಲೈ ೧ರಂದು ಕಾಲಾಣೆಯ ಅಂಚೆಕಾರ್ಡು ಬಂದಿತು. ೧೮೮೯ರಲ್ಲಿ ಮೈಸೂರು ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಇಷ್ಟರಲ್ಲಿಯೇ, ೧೮೬೪ರಲ್ಲಿ, ಬೆಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ತಲುಪಿತ್ತು. ಸರ್ಕಾರಿ ನೌಕರಿಯ ನಿಮಿತ್ತವಾಗಿ ಊರುಬಿಟ್ಟು ಹೋದ ಕುಟುಂಬಗಳಿಗೆ ಬಳಗವು ದೂರವಾಯಿತು. ಬಳಗವನ್ನು ಕರೆಯುವ ಸಾಧನವೂ ಆಗಲೇ ಕೈಗೆ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪೇಟೆಗಳ ಓದುಬಲ್ಲ ಮನೆಗಳಲ್ಲಿ ಅಚ್ಚಿನ ಪತ್ರಿಕೆಯು ರೂಢಿಯಾದುದಕ್ಕೆ ಅಚ್ಚು, ಅಂಚೆ, ರೈಲು ಈ ಮೂರೂ ಕೂಡಿ ಕಾರಣವಾದುವು.

ಈ ಕೆಲಸವನ್ನು ನಡೆಸಿದುದು ದೊಡ್ಡ ಮುದ್ರಣಾಲಯಗಳಿಗಿಂತ ಹೆಚ್ಚಾಗಿ ಬೀದಿಯ ಚಿಕ್ಕ ಪ್ರೆಸ್ಸುಗಳು. ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರ, ಮೊಳೆಗಳ ಪೆಟ್ಟಿಗೆಗಳು, ಗಣಪತಿಯದೊಂದು ಬ್ಲಾಕು, ಅಂಚಿಗೆ ಬಳ್ಳಿಯ ತುಂಡುಗಳು, ಇವಿಷ್ಟಿದ್ದರೆ ಸಾಕಾಗಿತ್ತು. ಕನ್ನಡದ ಒತ್ತಕ್ಷರ ಗುಣಿತಗಳಿಗಾಗಿ ಮೊಳೆಗಳ ಬಗೆಗಳೇ ನೂರಾರು ಬೇಕಾಗುವುದರಿಂದ, ಮೊಳೆ ಜೋಡಿಸುವವನಿಗೆ ಪತ್ರಿಕೆಯ ಸಂಸ್ಕೃತ ಸಮಾಸಗಳು ಕಠಿನ ಪರೀಕ್ಷೆಯಾಗಿದ್ದುವು. ಒಂದೊಂದು ಹಾಳೆಯನ್ನೂ ಕೈಯಿಂದಲೇ ಯಂತ್ರಕ್ಕೆ ಕೊಟ್ಟು ತೆಗೆಯಬೇಕು. ಎರಡನೆಯ ಬಣ್ಣ ಬೇಕಾದರೆ ಮಸಿಯನ್ನು ತೊಳೆದು, ಹಾಳೆಗಳನ್ನೆಲ್ಲ ಮತ್ತೊಮ್ಮೆ ಹಾಯಿಸಬೇಕು. ಆದುದರಿಂದ ಬಹುಮಂದಿ ಒಂದೇ ಬಣ್ಣದಲ್ಲಿ ತೃಪ್ತರಾದರು. ಅದು ಅನೇಕ ವೇಳೆ ಕುಂಕುಮದ ಕೆಂಪು. ಹಳದಿಯ ಕಾಗದದ ಮೇಲೆ ಕೆಂಪು ಅಕ್ಷರವೆಂಬ ಪರಿಚಿತ ರೂಪವು ಅರಿಶಿನ ಕುಂಕುಮಗಳ ಜೊತೆಯನ್ನೇ ಅಚ್ಚಿನ ಭಾಷೆಯಲ್ಲಿ ಹೇಳುತ್ತದೆ.

ಈ ಪ್ರೆಸ್ಸುಗಳ ವರಮಾನವು ಪಂಚಾಂಗವನ್ನು ಅನುಸರಿಸಿತು. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ. ಮಾಘದಿಂದ ಜ್ಯೇಷ್ಠದವರೆಗೆ ಬಿಡುವಿಲ್ಲ. ಮುಹೂರ್ತಗಳ ಕಾಲದಲ್ಲಿ ಸಂಪಾದಿಸಿದುದರಿಂದಲೇ ಮಳೆಗಾಲವನ್ನು ಕಳೆಯಬೇಕಾದ ವಿಷಯದಲ್ಲಿ ಪ್ರೆಸ್ಸಿನವನ ಪಾಡು ಒಕ್ಕಲಿಗನ ಪಾಡಿಗೆ ಸಮೀಪವಾಗಿತ್ತು.

ಚಿತ್ರಗಳ ವಿಷಯದಲ್ಲಿ ಪ್ರೇರಣೆ ಬೇರೆ ಕಡೆಯಿಂದ ಬಂದಿತು. ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದ ಬಣ್ಣದ ಕಲ್ಲಚ್ಚುಗಳು ದೇವತೆಗಳ ರೂಪವನ್ನು ಮನೆಮನೆಯಲ್ಲಿ ನಿಲ್ಲಿಸಿದುವು. ತರುವಾಯ ಬಂದ ಬದಲಾವಣೆಗೆ ತಮಿಳುನಾಡಿನ ಶಿವಕಾಶಿಯೇ ಮುಖ್ಯ ಕೇಂದ್ರ. ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬಿಬ್ಬರು ೧೯೨೩ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿಯ ತಯಾರಿಕೆಯನ್ನು ಕಲಿತುಬಂದರು. ಬೆಂಕಿಪೆಟ್ಟಿಗೆಗೂ ಪಟಾಕಿಗೂ ಬೇಕಾದ ಬಣ್ಣದ ಚೀಟಿಗಳ ಮುದ್ರಣವು ಬೆಳೆದು, ಅಲ್ಲಿಂದ ಕ್ಯಾಲೆಂಡರುಗಳೂ ಮದುವೆಯ ಕಾರ್ಡುಗಳೂ ದಕ್ಷಿಣದೇಶಕ್ಕೆಲ್ಲ ಹೋಗತೊಡಗಿದುವು. ಚಿತ್ರವನ್ನು ಶಿವಕಾಶಿಯಲ್ಲಿ ಅಚ್ಚುಮಾಡಿ ಒಳಗಿನ ಪುಟವನ್ನು ಖಾಲಿ ಬಿಡುವುದು, ಊರಿನ ಪ್ರೆಸ್ಸಿನವನು ಅದರಲ್ಲಿ ಕನ್ನಡ ಒಕ್ಕಣೆಯನ್ನು ಹಾಕುವುದು ಎಂಬ ಶ್ರಮವಿಭಾಗವು ಹೀಗೆ ಸಿದ್ಧವಾಯಿತು. ಮೊಳೆಗಳ ಕಾಲ ಮುಗಿದು ಗಣಕಯಂತ್ರದ ಅಕ್ಷರಗಳು ಬಂದ ಮೇಲೂ, ೧೯೯೮ರಲ್ಲಿ ಹೊರಬಂದ ‘ಬರಹ’ದಂತಹ ತಂತ್ರಾಂಶಗಳಿಂದ ಅಕ್ಷರಜೋಡಣೆ ಸುಲಭವಾದ ಮೇಲೂ, ಈ ವಿಭಾಗವು ಬಹುಮಟ್ಟಿಗೆ ಉಳಿದಿದೆ.

೫. ಗಡಿಯಾರ, ಹೆಸರು, ಕಾನೂನು

ಅಚ್ಚಿನ ಹಾಳೆಯ ಮೇಲೆ ನಿರ್ಣಯಪತ್ರವೂ ಕರೆಯೂ ಒಂದಾದಾಗ ಮೂರು ಬದಲಾವಣೆಗಳು ಸಂಭವಿಸಿದುವು.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಪುರೋಹಿತನು ಬರೆದ ಪತ್ರದಲ್ಲಿ ಮುಹೂರ್ತವು ಆ ಊರಿನ ಸೂರ್ಯೋದಯದಿಂದ ಎಣಿಸಿದ ಘಳಿಗೆಗಳಲ್ಲಿ ಇರುತ್ತಿತ್ತು. ರೈಲಿನಲ್ಲಿ ಬರುವ ನೆಂಟನಿಗೆ ಅದರಿಂದ ಪ್ರಯೋಜನವಿಲ್ಲ. ಅವನಿಗೆ ಗಡಿಯಾರದ ಗಂಟೆ ಬೇಕು. ೧೯೦೬ರ ಜನವರಿ ೧ರಿಂದ ದೇಶಕ್ಕೆಲ್ಲ ಒಂದೇ ಪ್ರಮಾಣಕಾಲವು ಗೊತ್ತಾದ ಮೇಲೆ ಇದು ಇನ್ನಷ್ಟು ಸುಲಭವಾಯಿತು. ಆದರೆ ಹಳೆಯದನ್ನು ಬಿಡಲಿಲ್ಲ. ಶಕವರ್ಷ, ಸಂವತ್ಸರ, ತಿಥಿ, ಲಗ್ನಗಳ ಪಕ್ಕದಲ್ಲಿಯೇ ತಾರೀಖು, ಗಂಟೆ, ನಿಮಿಷಗಳು ಬಂದು ನಿಂತುವು. ಮೊದಲನೆಯ ಸಾಲು ನಿರ್ಣಯಪತ್ರದ್ದು, ಎರಡನೆಯದು ಕರೆಯೋಲೆಯದು. ಎರಡು ಪತ್ರಗಳ ಬೆಸುಗೆಯ ಗೆರೆ ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಎರಡನೆಯದು ಕರೆಯುವ ಅಧಿಕಾರಕ್ಕೆ ಸಂಬಂಧಿಸಿದ್ದು. ಬಾಯಿಮಾತಿನ ಕರೆಯಲ್ಲಿ ಹೆಂಗಸರಿಗೆ ಅವರದೇ ಆದ ಪಾಲಿತ್ತು. ಅಚ್ಚಿನ ಪತ್ರಿಕೆಯ ಕೆಳಗೆ ವಿಜ್ಞಾಪಿಸುವವನಾಗಿ ಯಜಮಾನನ ಹೆಸರು ಬಂದಾಗ, ಆ ಪಾಲು ಹಾಳೆಯಿಂದ ಮರೆಯಾಯಿತು. ವಿಧವೆಯಾದ ತಾಯಿಯ ಹೆಸರಿನಲ್ಲಿ ಪತ್ರಿಕೆಯನ್ನು ಹಾಕಿಸದೆ, ಮಗನ ಅಥವಾ ಮಗಳ ಮದುವೆಗೆ ಚಿಕ್ಕಪ್ಪನೋ ಸೋದರಮಾವನೋ ಕರೆಯುವಂತೆ ಬರೆಯಿಸುವ ವಾಡಿಕೆ ಅನೇಕ ಮನೆತನಗಳಲ್ಲಿ ನಡೆದುಬಂದಿತು. ಮಗುವನ್ನು ಸಾಕಿ ಬೆಳೆಸಿದವಳು ಕರೆಯುವವರ ಪಟ್ಟಿಯಲ್ಲಿಯೇ ಇಲ್ಲದ ಈ ಕ್ರೌರ್ಯವು ಅಚ್ಚಿನಿಂದ ಹುಟ್ಟಿದುದಲ್ಲ. ಆದರೆ ಮನೆಯೊಳಗೆ ಅಡಗಿದ್ದುದನ್ನು ಅಚ್ಚು ನೂರಾರು ಪ್ರತಿಗಳಲ್ಲಿ ಊರಿಗೆ ಸಾರಿತು. ಅದೇ ಹಾಳೆಯು ತಿದ್ದುಪಡಿಗೂ ಕ್ಷೇತ್ರವಾಯಿತು. ‘ಶ್ರೀಮತಿ ಮತ್ತು ಶ್ರೀ’ ಎಂದು ಇಬ್ಬರ ಹೆಸರನ್ನೂ ಹಾಕುವುದು ಸಾಮಾನ್ಯವಾಗಿದೆ; ತಾಯಿಯೊಬ್ಬಳೇ ಕರೆಯುವ ಪತ್ರಿಕೆಗಳೂ ಕಾಣಸಿಗುತ್ತವೆ. ಆಡಂಬರವನ್ನು ತಗ್ಗಿಸುವ ಪ್ರಯತ್ನವೂ ನಡೆಯಿತು. ೧೯೬೬ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹದಿಂದ ಕುವೆಂಪು ಅವರು ಬಳಕೆಗೆ ತಂದ ಸರಳವಾದ ಮಂತ್ರಮಾಂಗಲ್ಯದ ಪದ್ಧತಿಯು ಪುರೋಹಿತನನ್ನೂ ವೆಚ್ಚವನ್ನೂ ಕೈಬಿಟ್ಟುದರಿಂದ, ಅದನ್ನು ಅನುಸರಿಸುವವರ ಪತ್ರಿಕೆಗೆ ಗೋತ್ರ ಲಗ್ನಗಳ ನಿರೂಪಣೆ ಅನವಶ್ಯಕವಾಯಿತು. ಅಲ್ಲಿ ಲಗ್ನಪತ್ರಿಕೆಯು ಮರಳಿ ಬರಿಯ ಕರೆಯೋಲೆಯಾಯಿತೆಂದು ಹೇಳಬಹುದು.

ಮೂರನೆಯದು ರಾಜಶಾಸನಕ್ಕೆ ಸಂಬಂಧಿಸಿದ್ದು. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಎಳೆಮಕ್ಕಳ ಮದುವೆಯನ್ನು ತಡೆಯುವ ರೆಗ್ಯುಲೇಷನ್ ಬಂದು, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ೧೯೨೯ರ ಶಾರದಾ ಕಾನೂನು ೧೯೩೦ರ ಏಪ್ರಿಲ್ ೧ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ವಯಸ್ಸನ್ನು ಗೊತ್ತುಮಾಡಿತು. ಮದುವೆ ಎಂದು ನಡೆಯಿತೆಂಬ ಪ್ರಶ್ನೆಗೆ ಹೀಗೆ ಹೊಸ ಮಹತ್ವ ಬಂದಿತು. ೧೯೭೬ರಲ್ಲಿ ಕರ್ನಾಟಕದಲ್ಲಿ ವಿವಾಹಗಳ ನೋಂದಣಿಗೆ ಅಧಿನಿಯಮವಾಯಿತು. ನೋಂದಣಿಗಾಗಿ ಹೋದವರಿಂದ ಇತರ ಕಾಗದಗಳೊಡನೆ ಲಗ್ನಪತ್ರಿಕೆಯನ್ನೂ ಕೇಳುವುದು ವಾಡಿಕೆಯಾಗಿದೆ. ನಿರ್ಣಯದ ದಾಖಲೆಯಾಗಿ ಹುಟ್ಟಿ, ಕರೆಯುವ ಕಾಗದವಾಗಿ ಹರಡಿದ ಪತ್ರಿಕೆಯು ಸರ್ಕಾರದ ಮೇಜಿನ ಮುಂದೆ ಮತ್ತೆ ದಾಖಲೆಯಾಗಿ ನಿಲ್ಲುತ್ತದೆ.

೬. ಕೈಯ ಗುರುತು

ಯಂತ್ರವು ಇಷ್ಟೆಲ್ಲವನ್ನೂ ವಹಿಸಿಕೊಂಡ ಮೇಲೆ ಕೈಗೆ ಏನು ಉಳಿಯಿತು? ಉತ್ತರವು ಪತ್ರಿಕೆಯ ಮೂಲೆಗಳಲ್ಲಿಯೇ ಇದೆ. ಅಚ್ಚಾಗಿ ಬಂದ ಪ್ರತಿಗಳ ಮೂಲೆಗಳಿಗೆ ಮನೆಯವರು ಕುಳಿತು ಅರಿಶಿನ ಕುಂಕುಮಗಳನ್ನು ಹಚ್ಚುವರು. ಮೊದಲನೆಯ ಪ್ರತಿಯನ್ನು ಮನೆದ���ವರ ಮುಂದಿಡುವರು. ಅಚ್ಚಿನ ಪತ್ರಿಕೆಗಳ ಅಡಿಯಲ್ಲಿ, ಸ್ವತಃ ಬಂದು ಕರೆಯಲಾಗಲಿಲ್ಲ, ಇದನ್ನೇ ಸಾಕ್ಷಾತ್ ಕರೆಯೆಂದು ಭಾವಿಸಬೇಕು ಎಂಬ ಅರ್ಥದ ಸಾಲು ಬರುವುದುಂಟು. ಈ ಕ್ಷಮಾಪಣೆಯು ಬಹು ಮುಖ್ಯವಾದ ಸಾಕ್ಷ್ಯ. ಕಾಗದವೇ ಪೂರ್ಣವಾದ ಕರೆಯಾಗಿದ್ದರೆ ಕ್ಷಮೆ ಕೇಳಬೇಕಾದ ಪ್ರಮೇಯವೇ ಇರಲಿಲ್ಲ. ಹತ್ತಿರದ ನೆಂಟರಿಗೆ ಅಂಚೆಯಲ್ಲಿ ಪತ್ರಿಕೆಯನ್ನು ಕಳುಹಿಸಿ ಸುಮ್ಮನಾದರೆ ಇಂದಿಗೂ ಅದು ಅಸಮಾಧಾನಕ್ಕೆ ಕಾರಣವಾಗುತ್ತದೆ.

ಮದುವೆಯ ಮನೆಯ ಉಳಿದ ಸಾಮಗ್ರಿಗಳನ್ನು ನೋಡಿದರೂ ಇದೇ ನ್ಯಾಯ ಕಂಡುಬರುತ್ತದೆ. ವಧೂವರರ ಹಣೆಗೆ ಕಟ್ಟುವ ಬಾಸಿಂಗವು ಹಳಗನ್ನಡದಲ್ಲಿ ಬಾಸಿಗ, ಎಂದರೆ ತಲೆಗೆ ಮುಡಿಯುವ ಹೂಮಾಲೆ. ತಮಿಳಿನ ‘ವಾಸಿಗೈ’ಯೂ ಇದರ ಬಂಧುವೇ. ಹೂವಿನ ಮಾಲೆಯಾಗಿದ್ದುದು ಕುಶಲಕರ್ಮಿಗಳ ಕೈಯಲ್ಲಿ ಬೆಂಡಿನ ಆಭರಣವಾಯಿತು. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಗುಡಿಗಾರರು ಗಂಧದ ಮರದ ಕೆತ್ತನೆಗೆ ಹೆಸರಾಗಿರುವಂತೆ ಬೆಂಡಿನ ಬಾಸಿಂಗಕ್ಕೂ ಹೆಸರಾಗಿದ್ದಾರೆ. ನೀರಿನಲ್ಲಿ ಬೆಳೆಯುವ ಗಿಡದ ಬಿಳಿಯ ತಿರುಳನ್ನು ತೆಳ್ಳನೆಯ ಹಾಳೆಗಳಾಗಿ ಕೊಯ್ದು, ಮಡಿಚಿ, ಕತ್ತರಿಸಿ, ಮೊಗ್ಗು ಹೂಗಳ ಆಕಾರವನ್ನು ಕೊಡುವ ಕೆಲಸವಿದು. ಕುಂಬಾರನು ಸುಣ್ಣ ಬಣ್ಣಗಳ ಚಿತ್ತಾರದಿಂದ ಸಿದ್ಧಪಡಿಸಿ ಕೊಡುವ ಐರಣಿಯ ಮಡಕೆಗಳೂ, ಅಂತರಪಟದ ಬಟ್ಟೆಯ ಮೇಲೆ ಕುಂಕುಮದಿಂದ ಬರೆಯುವ ಸ್ವಸ್ತಿಕವೂ, ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿದ ಕಂಕಣವೂ ಈ ವರ್ಗಕ್ಕೇ ಸೇರಿದುವು.

ಇವೆಲ್ಲದರಲ್ಲಿ ಬರೆಹಕ್ಕೆ ಅತ್ಯಂತ ಸಮೀಪವಾದುದು ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರ. ಸಾಗರ, ಸೊರಬ, ಸಿದ್ಧಾಪುರಗಳ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣನ್ನು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಗೆರೆಗಳನ್ನೆಳೆಯುವರು. ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಅಂಗಡಿಯಿಂದ ಬರುವ ವಸ್ತು ಯಾವುದೂ ಇಲ್ಲ. ಸಮಾನಾಂತರವಾದ ಸೂಕ್ಷ್ಮರೇಖೆಗಳ ಚೌಕಟ್ಟಿನೊಳಗೆ ಮದುಮಕ್ಕಳು, ಪಲ್ಲಕ್ಕಿ, ತೆನೆ, ಹಕ್ಕಿಗಳು ಬರುತ್ತವೆ. ಚಿತ್ತಾರವನ್ನು ‘ಬಿಡಿಸುವುದು’ ಎನ್ನುವುದಕ್ಕಿಂತ ‘ಬರೆಯುವುದು’ ಎನ್ನುವುದೇ ಅಲ್ಲಿಯ ರೂಢಿ. ಹಸೆಯೆಂಬ ಪದವು ಹಳಗನ್ನಡದ ‘ಪಸೆ’; ಮದುಮಕ್ಕಳು ಕುಳಿತುಕೊಳ್ಳುವ ಅಲಂಕೃತವಾದ ಆಸನವೆಂದು ಅದರ ಅರ್ಥ. ಹಸೆಮಣೆ ಏರುವುದೆಂದರೆ ಮದುವೆಯಾಗುವುದೆಂಬ ನುಡಿಗಟ್ಟು ಪತ್ರಿಕೆಗಳ ವಾರ್ತೆಗಳಲ್ಲಿ ಇಂದಿಗೂ ಬರುತ್ತದೆ. ಅಕ್ಷರ ಬಾರದ ಹೆಂಗಸರು ಗೋಡೆಯ ಮೇಲೆ ಬರೆದ ಲಗ್ನಪತ್ರಿಕೆಯೆಂದು ಈ ಚಿತ್ತಾರವನ್ನು ಕರೆದರೆ ಅತಿಶಯೋಕ್ತಿಯಾಗಲಾರದು: ಯಾರ ಮನೆಯಲ್ಲಿ ಮದುವೆಯೆಂಬುದನ್ನು ಅದು ನೋಡಿದವರಿಗೆಲ್ಲ ತಿಳಿಸುತ್ತದೆ. ಯಜಮಾನನ ಹೆಸರಿನಿಂದ ಮುಗಿಯುವ ಅಚ್ಚಿನ ಹಾಳೆಯಲ್ಲಿ ಮರೆಯಾದ ಕೈ ಇಲ್ಲಿ ಗೋಡೆಯ ತುಂಬ ಕಾಣುತ್ತದೆ.

ಇತ್ತೀಚೆಗೆ ನಗರಗಳಲ್ಲಿ ಕೈಯಿಂದ ಮಾಡಿದ ಕಾಗದದ ಮೇಲೆ, ವಧೂವರರಿಗೆಂದೇ ಬೇರೆಯಾಗಿ ರೂಪಿಸಿದ ಪತ್ರಿಕೆಗಳನ್ನು ಮಾಡಿಸುವ ಅಭಿರುಚಿ ಬೆಳೆಯುತ್ತಿದೆ. ಹಸೆ ಚಿತ್ತಾರದ ರೇಖೆಗಳೂ ಕೆಲವು ವೇಳೆ ಅವುಗಳ ಅಂಚಿಗೆ ಬರುತ್ತವೆ. ಇನ್ನೊಂದು ಕಡೆ, ಕಾಗದವೇ ಇಲ್ಲದೆ ಕೈಫೋನಿನಲ್ಲಿ ಕಳುಹಿಸುವ ಚಿತ್ರವು ಬಹುಮಂದಿಗೆ ಕರೆಯಾಗಿದೆ. ಮೇಲುನೋಟಕ್ಕೆ ಇವು ವಿರುದ್ಧವಾದ ಪ್ರವಾಹಗಳು. ಆದರೆ ಕೈಫೋನಿನ ಚಿತ್ರವನ್ನು ಕಳುಹಿಸಿದವರೂ ಹತ್ತಿರದವರ ಮನೆಗೆ ಅಕ್ಷತೆಯೊಡನೆ ಹೋಗುವುದನ್ನು ಬಿಟ್ಟಿಲ್ಲ. ದಾಖಲೆಗೂ ಕರೆಗೂ ಇರುವ ಹಳೆಯ ಭೇದವು ಅಚ್ಚಿನಿಂದ ಮುಚ್ಚಿಹೋಗಿತ್ತೇ ಹೊರತು ಅಳಿಸಿಹೋಗಿರಲಿಲ್ಲವೆಂಬುದಕ್ಕೆ ಇದೇ ನಿದರ್ಶನ.

೭. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶಗಳು ಮೂರು. ಲಗ್ನಪತ್ರಿಕೆಯೂ ಕರೆಯೋಲೆಯೂ ಮೂಲತಃ ಭಿನ್ನವಾದುವು. ಅಚ್ಚಿನ ಪತ್ರಿಕೆಯು ಇವುಗಳ ಸಂಯೋಗದಿಂದ ಹುಟ್ಟಿ, ಶಾಸನಗಳ ಕಾಲನಿರ್ದೇಶವನ್ನೂ ವಂಶನಿರೂಪಣೆಯನ್ನೂ ಜನಜೀವನದಲ್ಲಿ ಉಳಿಸಿಕೊಂಡುಬಂದಿತು. ಈ ಸಂಯೋಗವು ಕೈಯ ಕರೆಯನ್ನು ಸ್ಥಾನಪಲ್ಲಟಗೊಳಿಸಿತೇ ವಿನಾ ನಿವಾರಿಸಲಿಲ್ಲ.

ಇಂತಹ ಪತ್ರಿಕೆಗಳನ್ನು ಕಾದಿರಿಸುವ ಕಾರ್ಯವು ವಿದ್ವತ್ಸಂಸ್ಥೆಗಳಿಗೆ ಉಚಿತವಾದುದು. ಒಂದು ಊರಿನ ಐವತ್ತು ವರ್ಷಗಳ ಲಗ್ನಪತ್ರಿಕೆಗಳು ಒಂದೆಡೆ ದೊರೆತರೆ, ಆ ಊರಿನ ಸಂಬಂಧಗಳು ಎಷ್ಟು ದೂರದವರೆಗೆ ಹರಡಿದ್ದುವು, ಮದುವೆ ಮನೆಯಿಂದ ಛತ್ರಕ್ಕೆ ಯಾವಾಗ ಹೋಯಿತು, ಐದು ದಿನದ ಮದುವೆ ಒಂದು ದಿನಕ್ಕೆ ಯಾವಾಗ ಇಳಿಯಿತು, ವಧುವಿನ ಹೆಸರಿನ ಮುಂದೆ ಪದವಿಯ ಅಕ್ಷರಗಳು ಯಾವಾಗ ಬಂದುವು, ತಾಯಿಯ ಹೆಸರು ಎಂದಿನಿಂದ ಕಾಣಿಸಿತು ಎಂಬ ಪ್ರಶ್ನೆಗಳಿಗೆ ಜನಗಣತಿಯ ವರದಿಗಳು ಹೇಳದ ಉತ್ತರಗಳು ಸಿಕ್ಕಬಹುದು. ಸಂಗ್ರಹಿಸುವಾಗ ಪ್ರೆಸ್ಸಿನ ಹೆಸರು, ಕಾಗದದ ಬಗೆ, ಬಣ್ಣ, ಲಕೋಟೆಯ ಮೇಲಿನ ವಿಳಾಸ ಮತ್ತು ಅಂಚೆಯ ಮುದ್ರೆ, ಇವುಗಳನ್ನೂ ಬಿಡದೆ ಗುರುತುಮಾಡಿಕೊಳ್ಳುವುದು ಅವಶ್ಯಕ. ಮೂಲೆಯಲ್ಲಿ ಮಾಸಿದ ಅರಿಶಿನದ ಗುರುತಿದ್ದರೆ ಅದನ್ನು ಕಲೆಯೆಂದು ತಿಳಿದು ಒರೆಸಬಾರದು. ಅದೂ ಪತ್ರಿಕೆಯ ಪಾಠವೇ.